ಕೆಂಪು ದಾರದ ಪೆನ್‌ಡ್ರೈವ್

ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ.

ನಾನಿರುವುದು ದೇವದುರ್ಗ, ನನ್ನ ಅಕ್ಕ ಇರುವುದು ಮಾನ್ವಿ. ಅಕ್ಕನಿಗೆ ಕಿವಿ ಪೂರ್ತಿ ಹೋಗಿದೆ. ಆದರೆ ತುಟಿ ನೋಡಿ ಮಾತು ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಚಿಕ್ಕಂದಿನಲ್ಲಿ ನಾವಿದ್ದ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಸ್ಟಡಿ ಅವರ್ ಎಂದರೆ ಆಬ್ಸಲ್ಯೂಟ್ ಸೈಲೆನ್ಸ್. ಸಿಸ್ಟರ್ ಬೆನ್ನು ತಿರುಗಿಸಿದರೆ ಸಾಕು, ನಾವಿಬ್ಬರೂ ಡೆಸ್ಕಿನಿಂದ ಡೆಸ್ಕಿಗೆ ಬರೀ ತುಟಿಯಲ್ಲೇ ಹರಟುತ್ತಿದ್ದೆವು, ಅದೂ ಇಂಗ್ಲಿಷಿನಲ್ಲಿ. ಆ ಕಳ್ಳ ವಿದ್ಯೆಯೇ ಈಗ ಅವಳಿಗೆ ಕಿವಿ.

ಮೊಬೈಲಿನ ಪುಟ್ಟ ಪರದೆಯಲ್ಲಿ ನನ್ನ ತುಟಿ ಅವಳಿಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಅವಳ ಟಿವಿಗೆ ಊಟದ ಡಬ್ಬಿಯಷ್ಟಿರುವ ಪುಟ್ಟ ಕಂಪ್ಯೂಟರ್ ಹಾಕಿಸಿದ್ದೆ. ಸಂಜೆಯಾದರೆ ಟಿವಿ ತುಂಬ ನನ್ನ ಮುಖ. ಅವಳ ಇಡೀ ದಿನದಲ್ಲಿ ಕಾನ್ವರ್ಸೇಷನ್ ಅಂತ ಇದ್ದದ್ದು ಅದೊಂದೇ.

ಡಬ್ಬಿ ಹಳೆಯದಾಗಿ ವಿಡಿಯೋ ಕಾಲ್ ನಿಂತುಹೋದಾಗ ರಾಯಚೂರಿನ ಒಂದು ಅಂಗಡಿಗೆ ಒಯ್ದು ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದೆ. ಅಲ್ಲಿ ಚೆನ್ನಾಗಿಯೇ ಚಾಲೂ ಆಯಿತು. ಮಾನ್ವಿಗೆ ತಂದು ಟಿವಿಗೆ ಸಿಕ್ಕಿಸಿದರೆ ಕಪ್ಪು ಪರದೆ, ಒಂದೇ ಬಿಳಿ ಸಾಲು: ನೋ ಬೂಟಬಲ್ ಡಿವೈಸ್. ಅಂದರೆ, ಯಂತ್ರವನ್ನು ಎಬ್ಬಿಸುವಂಥದ್ದು ಒಳಗೇನೂ ಇಲ್ಲ. ಅಕ್ಕ ಅದನ್ನು ಓದಿ, ನನ್ನನ್ನು ನೋಡಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಮತ್ತೆ ಬಸ್ಸು, ಮತ್ತೆ ಕಲ್ಲೂರು ದಾಟಿ ರಾಯಚೂರು. ಅಂಗಡಿಯವನು ಬಟನ್ ಒತ್ತಿದ ಕೂಡಲೇ ಚಾಲೂ.

“ನೋಡ್ರಿ ಅಮ್ಮಾರ, ಹ್ಯಾಂಗ ಓಡಾಕತ್ತದ. ಮನ್ಯಾಗ ನೀವು ಏನರ ಒತ್ತೀರಿ. ವಯಸ್ಸಾದವ್ರ ಕೈ ನಡುಗ್ತಾವ.”

“ನನ್ನ ಕೈ ನಡುಗಂಗಿಲ್ಲ, ತಮ್ಮಾ.”

“ಹಂಗಾರ ಮಾನ್ವಿ ಕರೆಂಟ್ ಸರಿ ಇಲ್ಲ ಬಿಡ್ರಿ.”

ಎಕ್ಸ್‌ಕ್ಯೂಸ್ ಮಿ. ಮಾನ್ವಿಯ ಅಷ್ಟೂ ಮನೆಗಳ ಫ್ರಿಜ್ಜು, ಅಷ್ಟೂ ಅಕ್ಕಿ ಗಿರಣಿಗಳು ಓಡುವುದು ಅದೇ ಕರೆಂಟಿನಲ್ಲಿ. ನನ್ನ ಅಕ್ಕನ ಡಬ್ಬಿಗೆ ಮಾತ್ರ ಅದು ಒಗ್ಗುವುದಿಲ್ಲವೇ? ಆದರೂ ಒಯ್ದೆ. ಮತ್ತೆ ಅದೇ ಕಪ್ಪು ಪರದೆ. ಅಕ್ಕ ಈ ಸಲ ಟಿವಿಯ ಕಡೆ ನೋಡಲೇ ಇಲ್ಲ. ಅದು ನನ್ನನ್ನು ಚುಚ್ಚಿತು.

ಮುಂದಿನ ಸಲ ನಾನು ಅವನ ಕೌಂಟರಿನೆದುರು ಸ್ಟೂಲ್ ಹಾಕಿಕೊಂಡು, ಪರೀಕ್ಷೆಯಲ್ಲಿ ಕಾಪಿ ಹಿಡಿಯುವ ಸಿಸ್ಟರ್ ಹಾಗೆ, ಬರೀ ಅವನ ಕೈ ನೋಡುತ್ತ ಕೂತೆ. ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದ. ಹೊಸ ಸಿಸ್ಟಮ್ ಹಾಕಿದ್ದೂ ಅದರಿಂದಲೇ. ಅದಕ್ಕೆ ಕೆಂಪು ದಾರ, ಮೇಲೆ ಕುಂಕುಮ. ಕಣ್ಣಿಗೊತ್ತಿಕೊಂಡು ಡಬ್ಬಿಗೆ ಸಿಕ್ಕಿಸಿದ. ಆಮೇಲೆ ಬಟನ್.

“ಅದನ್ನ ತೆಗೆದು ಚಾಲೂ ಮಾಡು.”

“ಅಂಗಡಿ ಪೂಜಿಗೆ ಇಟ್ಟಿದ್ರಿ ಇದು. ನಮ್ಮ ಲಕ್ಷ್ಮಿ. ಇದನ್ನ ಹಚ್ಚಲಾರದ ನಾ ಯಾವ ಮಷಿನ್ನೂ ಮುಟ್ಟಂಗಿಲ್ಲ.”

“ನಿನ್ನ ಲಕ್ಷ್ಮಿ ನಿನ್ನ ಜೇಬಿನಾಗ ಇರ್ಲಿ. ಆಕಿ ನಮ್ಮಕ್ಕನ ಮನಿಗೆ ಬರಂಗಿಲ್ಲಲ್ಲ.”

ತೆಗೆದ. ಕಪ್ಪು ಪರದೆ, ಬಿಳಿ ಸಾಲು. ಅವನ ಅಂಗಡಿಯಲ್ಲಿ, ಅವನ ಕರೆಂಟಿನಲ್ಲಿ, ಅವನ ನಡುಗದ ಕೈಯಲ್ಲಿ.

ಆಗಿದ್ದು ಇಷ್ಟೇ. ಯಂತ್ರವನ್ನು ಎಬ್ಬಿಸುವ ಬೂಟ್ ಫೈಲುಗಳನ್ನು ಡಬ್ಬಿಯ ಡಿಸ್ಕಿಗೆ ಹಾಕುವ ಬದಲು ಅವನು ಆ ಪೆನ್‌ಡ್ರೈವಿಗೇ ಹಾಕಿಬಿಟ್ಟಿದ್ದ. ಅದು ಜೊತೆಗಿದ್ದರೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ.

“ಇನ್ನೊಂದು ಪೆನ್‌ಡ್ರೈವ್ ಮಾಡಿ ಕೊಡ್ತೀನ್ರಿ. ಯಾವಾಗ್ಲೂ ಹಚ್ಚೇ ಇಡ್ರಿ.”

“ನೋ. ಡಬ್ಬಿ ಒಳಗ ಹಾಕು. ಇಲ್ಲೇ ಕುಂತೀನಿ.”

ಹಾಕಿದ. ಕೆಂಪು ದಾರವನ್ನು ಜೇಬಿಗಿಳಿಸಿದ ಮೇಲೆಯೇ ಬಟನ್ ಒತ್ತಿಸಿದೆ. ಎದ್ದಿತು. ಅವನು ಡಬ್ಬಿಯ ವೈರು ಸುತ್ತಿ ನನ್ನ ಮುಂದಿಟ್ಟು, ಮುಂದಿನ ಗಿರಾಕಿಯನ್ನು ಕರೆದ.

ಡಬ್ಬಿಯನ್ನು ಮಾನ್ವಿಯಲ್ಲಿ ಟಿವಿಗೆ ಜೋಡಿಸಿ ದೇವದುರ್ಗಕ್ಕೆ ಬಂದು, ಮರುದಿನ ಸಂಜೆ ಕರೆ ಮಾಡಿದೆ. ಅಕ್ಕ ಟಿವಿಗೆ ತೀರ ಹತ್ತಿರ ಕುರ್ಚಿ ಎಳೆದುಕೊಂಡಿದ್ದಳು. ದನಿಯಿಲ್ಲದೆ, ಬರೀ ತುಟಿಯಲ್ಲಿ ಕೇಳಿದಳು: ಡಿಡ್ ಹಿ ಸೇ ಸಾರಿ?

ನಾಟ್ ಎ ವರ್ಡ್, ಅಂದೆ.

ಆಗ ಅವಳ ತುಟಿ ಅವನ ಕುರಿತು ಆಡಿದ ಮಾತನ್ನು ಸಿಸ್ಟರ್ ಕಂಡಿದ್ದರೆ ಚಾಪೆಲ್ಲಿನಲ್ಲಿ ಮಂಡಿಯೂರಿಸುತ್ತಿದ್ದರು. ನಾನೂ ಅದನ್ನೇ ಅಂದೆ, ಟಿವಿ ತುಂಬ, ನಿಧಾನವಾಗಿ, ಅಕ್ಕನಿಗೆ ಒಂದೊಂದು ಅಕ್ಷರವೂ ಕಾಣುವ ಹಾಗೆ.