ಏಳು ಸಂಪುಟಗಳಿಗೆ ಒಂದು ಮಾರ್ಗಫಲಕ

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಕಂಟ್ರೋಲರಮ್ಮ ಎನ್ನುತ್ತಿದ್ದರು. ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ತಡವಾಗಿ ಬಂದ ಡ್ರೈವರನನ್ನು ಮೈಕು ಆರಿಸದೆಯೇ ಬೈಯುವುದು ಅವಳೇ ಸೇರಿಸಿಕೊಂಡದ್ದು. ಬಿಡುವಿನಲ್ಲಿ ಓದುತ್ತಿದ್ದಳು, ಅದೂ ಒಬ್ಬಳೇ ಲೇಖಕಿಯನ್ನು: ಎಲ್ಲೂ ಇಲ್ಲದ ರಾಜ್ಯ, ರೆಕ್ಕೆಯ ಹಾವುಗಳು, ಮೂರು ತಲೆಮಾರಿನ ಯುದ್ಧ, ದಿಂಬಿನಷ್ಟು ದಪ್ಪದ ಏಳು ಸಂಪುಟ.

ಆ ಪುಸ್ತಕಗಳಿದ್ದುದು ನಿಲ್ದಾಣದ ಎದುರಿನ ಬಾಡಿಗೆ ಲೈಬ್ರರಿಯಲ್ಲಿ. ಒಂದು ದಿನ ಅದರ ಯಜಮಾನ ಹೇಳಿದ:

"ಮೊದಲ್ನೇ ಸಂಪುಟ ಒಯ್ದೋರೆಲ್ಲ ಅರ್ಧಕ್ಕೇ ವಾಪಸ್ ತರ್ತಾರೆ. ಯಾರು ಯಾರ ಮಗ ಅಂತ್ಲೇ ತಿಳಿಯಲ್ವಂತೆ. ಈ ತಿಂಗಳೊಳಗೆ ನಿಮ್ಮನ್ನ ಬಿಟ್ಟು ಬೇರೆ ಯಾರಾದ್ರೂ ಎರಡ್ನೇದು ಕೇಳ್ಲಿಲ್ಲ ಅಂದ್ರೆ ರದ್ದಿಗೆ ಹಾಕ್ತೀನಿ. ಬೇಕಿದ್ರೆ ನೀವೇ ಮನೆಗೆ ತಗೊಂಡ್ಹೋಗಿ."

"ಮನೇಲಿಟ್ಟು ಏನ್ಮಾಡ್ಲಿ? ಖಾಲಿ ಬಸ್ ಓಡ್ಸಿದ ಹಾಗೆ. ಹತ್ತೋಕೆ ಜನ ಬೇಡ್ವಾ?"

ಅವಳ ಕೊರತೆ ಅದೇ. ಏಳು ಸಂಪುಟ ಮುಗಿಸಿದವಳಿಗೆ ಅದರ ಬಗ್ಗೆ ಜಗಳವಾಡಲು ಒಬ್ಬರೂ ಇರಲಿಲ್ಲ. ಗಂಡ ತಲೆಯಾಡಿಸುತ್ತ ಕೇಳುತ್ತಿದ್ದ. ತೂಕಡಿಕೆಯೆಂದು ಆಮೇಲೆ ತಿಳಿಯುತ್ತಿತ್ತು.

ಹಾಗಾಗಿ ಓದುಗರಿಗೊಂದು ಕೈಪಿಡಿ ಮಾಡಿದಳು, ತನಗೆ ಬರುತ್ತಿದ್ದ ರೀತಿಯಲ್ಲಿ. ದೊಡ್ಡ ರಟ್ಟಿನ ಮೇಲೆ ಒಂದೊಂದು ಪಾತ್ರಕ್ಕೆ ಒಂದೊಂದು ಮಾರ್ಗ. ಅಂಬಿಗನ ಮಗಳು ಒಂದನೇ ಸಂಪುಟದಲ್ಲಿ ಹೊರಡುತ್ತಾಳೆ. ಮೂರರಲ್ಲಿ ಕಾಣುವುದಿಲ್ಲ, ಗಾಬರಿ ಬೇಡ. ನಾಲ್ಕರಲ್ಲಿ ಇಳಿದು ಸೇನಾಪತಿಯ ಮಾರ್ಗ ಹಿಡಿಯಿರಿ. ಎಲ್ಲ ಸರಿಯಾಗಿತ್ತು. ಆದರೆ ಬಸ್ಸಿನ ಬೋರ್ಡಿನಲ್ಲಿ ಕೊನೆಯ ನಿಲ್ದಾಣವನ್ನೇ ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಬರೆಯುವುದಲ್ಲವೇ? ಅವಳೂ ಹಾಗೆಯೇ ಬರೆದಿದ್ದಳು.

ಆ ಫಲಕವನ್ನು ಮೊದಲು ಓದಿದವಳು ಅವಳ ನಾದಿನಿ. ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವಳು ಮೊದಲ ಸಂಪುಟದ ಮಧ್ಯದಲ್ಲಿದ್ದಳು.

"ಅತ್ತಿಗೆ, ಬುದ್ಧಿ ಇದ್ಯಾ ನಿಮ್ಗೆ? ಒಕ್ಕಣ್ಣ ರಾಜ ಐದರಲ್ಲಿ ಸಾಯ್ತಾನೆ ಅಂತ ಮೊದಲ್ನೇ ಸಾಲಲ್ಲೇ ಬರ್ದಿದೀರಲ್ಲ!"

"ಎಲ್ಲಿಗೆ ಹೋಗುತ್ತೆ ಅಂತ ನೋಡ್ದೆ ಬಸ್ ಹತ್ತುತೀಯೇನೇ?"

"ಇದು ಬಸ್ಸಲ್ಲ, ಕಥೆ! ಈಗಷ್ಟೇ ಅವನ ಮೇಲೆ ಮನಸ್ಸಾಗಿತ್ತು ನಂಗೆ."

ಕಂಟ್ರೋಲರಮ್ಮ ನಿಲ್ದಾಣದಿಂದ ಗೋಂದಿನ ಡಬ್ಬಿ ತಂದಳು. ಅವಳ ಮಟ್ಟಿಗೆ ಅದೇ ದೊಡ್ಡ ತಪ್ಪೊಪ್ಪಿಗೆ. ಪ್ರತಿಯೊಬ್ಬರ ಕೊನೆಯ ನಿಲ್ದಾಣದ ಮೇಲೂ ಕಾಗದದ ಪಟ್ಟಿ ಅಂಟಿಸಿ ಫಲಕವನ್ನು ಲೈಬ್ರರಿಯ ಗೋಡೆಗೆ ತೂಗುಹಾಕಿದಳು.

ಮುಚ್ಚಿದ್ದೇ ತಡ, ಜನರ ಉಗುರುಗಳು ಕೆರೆಯತೊಡಗಿದವು. ಆದರೆ ಅದು ನೋಟೀಸು ಅಂಟಿಸುವ ಗೋಂದು. ಪಟ್ಟಿಯ ಜೊತೆಗೆ ಕೆಳಗಿನ ಅಕ್ಷರವೂ ಕಿತ್ತು ಬರುತ್ತಿತ್ತು. ಕುತೂಹಲ ತಾಳಲಾರದೆ ಒಬ್ಬ ಡ್ರೈವರ್ ಅವಳ ಕಿಟಕಿಗೇ ಬಂದ.

"ಅಮ್ಮ, ಆ ಅಂಬಿಗನ ಮಗಳು ಉಳೀತಾಳೋ ಇಲ್ವೋ, ಅಷ್ಟು ಹೇಳ್ಬಿಡಿ."

ಅವಳು ಮೈಕು ಎತ್ತಿಕೊಂಡಳು. "ಪ್ರಯಾಣಿಕರು ಪುಸ್ತಕ ಓದಿ ತಿಳಿದುಕೊಳ್ಳಬೇಕಾಗಿ ವಿನಂತಿ."

ಡ್ರೈವರ್ ಮೊದಲ ಸಂಪುಟ ಒಯ್ದ. ಆದರೆ ಯಜಮಾನನ ಷರತ್ತು ಎರಡನೆಯದರದು. ತಿಂಗಳ ಕೊನೆಗೆ ಅವಳು ಲೈಬ್ರರಿಗೆ ಹೋಗಿ ನೋಡಿದರೆ ಕಪಾಟಿನಲ್ಲಿ ಎರಡನೇ ಸಂಪುಟದ ಜಾಗ ಖಾಲಿ.

"ರದ್ದಿಗೆ ಹಾಕಿದ್ರಾ?"

"ಇಲ್ಲಮ್ಮ. ನಿಮ್ಮ ನಾದಿನಿ ಬೆಳಿಗ್ಗೆನೇ ಒಯ್ದ್ರು."

ಅವಳು ಸೀದಾ ಹೊಲಿಗೆ ಅಂಗಡಿಗೆ ಹೋದಳು. ಮಿಷನ್ನಿನ ಮೇಲೆ ಒಂದು ರವಿಕೆ ಒಂದೇ ತೋಳಿನೊಂದಿಗೆ ಬಿದ್ದಿತ್ತು. ನಾದಿನಿಯ ತೊಡೆಯ ಮೇಲೆ ಎರಡನೇ ಸಂಪುಟ.

"ರಾಜ ಸಾಯ್ತಾನೆ ಅಂತ ಗೊತ್ತಿದ್ದೂ ಓದ್ತಿದೀಯಲ್ಲೇ?"

"ಯಾರು ಕೊಲ್ತಾರೆ ಅಂತ ನೀವು ಬರ್ದಿಲ್ವಲ್ಲ. ಅವನ ತಮ್ಮನ ಮೇಲೇ ನನಗೆ ಅನುಮಾನ."

"ತಮ್ಮನಾ? ಅವನು ಪಾಪ..."

"ಶ್! ಈ ಅಧ್ಯಾಯ ಮುಗೀಲಿ, ಆಮೇಲೆ ಜಗಳ ಆಡೋಣ."

ಒಂದು ನಿಮಿಷ ತಡವಾದರೂ ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದವಳು ಗಿರಾಕಿಗಳ ಸ್ಟೂಲನ್ನು ಎಳೆದುಕೊಂಡು, ತುಟಿ ಬಿಗಿಹಿಡಿದು, ಕಾಯುತ್ತ ಕುಳಿತಳು.