ಎಂಟು ಸಾಲಿನ ಹಾಡು

ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಮದುವೆಯಾದ ಮೊದಲ ವಾರವೇ ಅತ್ತೆ ನನಗೆ ತಾಕೀತು ಮಾಡಿದ್ದರು. ಬರೆಯಬಾರದೆಂದು ಹೇಳಿರಲಿಲ್ಲ. ಆದ್ದರಿಂದ ಒಂದೇ ಒಂದು ಸಲ ಬರೆಯುತ್ತೇನೆ: ಶೀನಪ್ಪ. ಇನ್ನು ಮುಂದೆ 'ಇವರು' ಎಂದರೆ ಅವರೇ. ಅವರು ಹೋಗಿ ಹನ್ನೆರಡು ವರ್ಷವಾಯಿತು, ಬರೆದದ್ದಕ್ಕೆ ಸಿಟ್ಟು ಬಂದರೂ ಏನೂ ಮಾಡುವ ಹಾಗಿಲ್ಲ.

ಇವರದು ಹಂಪಿಯಲ್ಲಿ ಪೂಜೆಯ ಮನೆತನ. ಮೂವರು ಗಂಡುಮಕ್ಕಳಲ್ಲಿ ಕಡೆಯವರು. ಪುಸ್ತಕ ಕಂಡರೆ ನಿದ್ದೆ ಬರುತ್ತಿತ್ತು, ಆದರೆ ಕಿವಿಗೆ ಬಿದ್ದದ್ದು ಜನ್ಮಕ್ಕೂ ಮರೆಯುತ್ತಿರಲಿಲ್ಲ. ಒಂದು ಸ್ತೋತ್ರವನ್ನು ಎರಡು ಸಲ ಕೇಳಿದರೆ ಮೂರನೆಯ ಸಲ ತಾವೇ ಹೇಳುವರು. ಇಂಥವರು ಗುಡಿಯಲ್ಲಿ ಇರುವುದು ಬಿಟ್ಟು ಕಬ್ಬಿಣದ ಕೆಲಸಕ್ಕೆ ಸೇರಿದರು. ಸಂಡೂರಿನ ಗುಡ್ಡದಿಂದ ಅದಿರು ತರುವ ಒಂದು ಕಂಪನಿ ಆಗ ಹೊಸಪೇಟೆಯವರೆಗೆ ಸ್ವಂತ ಹಳಿ ಹಾಕಿಕೊಂಡಿತ್ತು. ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು, ಹೆಸರು ಬೇಡ. ಆ ಹಳಿ ಕಂಪ್ಲಿ ರಸ್ತೆಯನ್ನು ದಾಟುವಲ್ಲಿ ರಸ್ತೆಯ ಎರಡೂ ಕಡೆ ಒಂದೊಂದು ಗೇಟು ಇತ್ತು, ಅರ್ಧ ಮೈಲಿ ಆಚೆ ತಿರುವಿನ ಹಿಂದೆ ಲಿವರ್‌ಗಳಿದ್ದ ಒಂದು ಕ್ಯಾಬಿನ್ ಇತ್ತು. ಇವರು ಅಲ್ಲಿ ಫಿಟ್ಟರ್, ಕೆಲಸದವರ ಬಾಯಲ್ಲಿ 'ಆಚಾರ್ರು'. "ಸಾಲಿಗ್ರಾಮ ಮುಟ್ಟೋ ಕೈಲೆ ಸ್ಪ್ಯಾನರ್ ಹಿಡದಾನ" ಎಂದು ಅಣ್ಣಂದಿರು ಹಂಗಿಸಿದರೆ ಇವರು ನಕ್ಕು ಸುಮ್ಮನಾಗುತ್ತಿದ್ದರು. ಅವರ ಬದಲು ಸಿಟ್ಟಾಗುತ್ತಿದ್ದವಳು ನಾನು.

ಆ ಕ್ಯಾಬಿನ್ನಿನಲ್ಲಿ ಇವರು ಕಾಯುತ್ತಿದ್ದದ್ದು ಲಿವರ್‌ಗಳ ಕೆಳಗಿನ ಕಬ್ಬಿಣದ ಕೊಂಡಿಗಳನ್ನು. ಅವುಗಳ ಲೆಕ್ಕಾಚಾರವನ್ನು ನನಗೆ ಹೇಳಿಕೊಟ್ಟದ್ದು ಹೀಗೆ. ನಾನು ತವರಿಗೆ ಹೋಗಬೇಕಾದರೆ ಅತ್ತೆ ಹ್ಞೂಂ ಅನ್ನಬೇಕು, ಮಾವ ಹ್ಞೂಂ ಅನ್ನಬೇಕು, ಇವರೂ ಹ್ಞೂಂ ಅನ್ನಬೇಕು. ಒಬ್ಬರು ಉಹೂಂ ಎಂದರೂ ಟ್ರಂಕು ಮತ್ತೆ ಅಟ್ಟಕ್ಕೆ. ರೈಲಿಗೆ ಸಿಗ್ನಲ್ ಕೊಡುವ ಕೈಮರದ್ದೂ ಅದೇ ಪಾಡು. ಊರ ಕಡೆಯ, ಎಂದರೆ ಹೊಸಪೇಟೆ ಕಡೆಯ, ಗೇಟು ಮುಚ್ಚಿರಬೇಕು, ಕಂಪ್ಲಿ ಕಡೆಯ ಗೇಟು ಮುಚ್ಚಿರಬೇಕು, ಹಳಿ ಬದಲಿಸುವ ಪಾಯಿಂಟು ನೇರ ಹಳಿಗೆ ಸರಿಯಾಗಿ ಕೂತಿರಬೇಕು. ಮೂರೂ ಆದರೆ ಮಾತ್ರ ದೊಡ್ಡ ಲಿವರ್ ಬರುತ್ತದೆ, ಕೈಮರದ ಕೈ ಇಳಿಯುತ್ತದೆ, ರೈಲು ಬರುತ್ತದೆ. ಗೇಟಿನ ಬಳಿಯ ಗಂಟೆಯ ಸ್ವಭಾವ ಬೇರೆ: ರೈಲು ಸಂಡೂರಿನ ಕಡೆಯಿಂದ ಬಂದರೂ ಬಡಿಯುತ್ತದೆ, ಹೊಸಪೇಟೆ ಯಾರ್ಡಿನ ಕಡೆಯಿಂದ ಬಂದರೂ ಬಡಿಯುತ್ತದೆ, ಯಾವುದಾದರೊಂದು ಸಾಕು. ಇನ್ನು ಕೈಮರ ಇಳಿದಿದ್ದರೆ ಗೇಟಿಗೆ ಬೀಗ ಬಿದ್ದಿರುತ್ತದೆ, ತೆರೆಯುವುದಿಲ್ಲ. ಅತ್ತೆ ಮಡಿಯಲ್ಲಿದ್ದರೆ ನನಗೆ ಅಡುಗೆಮನೆ ಇಲ್ಲ, ಅಷ್ಟೇ. ಇಷ್ಟಕ್ಕೆ ಇಂಗ್ಲೆಂಡಿನಿಂದ ಕಬ್ಬಿಣ ತರಿಸಬೇಕಿತ್ತೇ ಎಂದು ಕೇಳಿ ಬೈಸಿಕೊಂಡಿದ್ದೆ.

ಈ ಕೊಂಡಿಗಳನ್ನು ಪ್ರತಿ ಸೋಮವಾರ ಪರೀಕ್ಷಿಸಬೇಕಿತ್ತು. ಗೇಟಿನಿಂದ ಬರುವ ತಂತಿಗಳನ್ನು ಕಳಚಿ, ಮುಚ್ಚಿದ ಹಾಗೆ ಒಮ್ಮೆ, ತೆರೆದ ಹಾಗೆ ಒಮ್ಮೆ ಕೈಯಿಂದಲೇ ಇಟ್ಟು, ಪ್ರತಿ ಸಲವೂ ದೊಡ್ಡ ಲಿವರ್ ಎಳೆದು ನೋಡಬೇಕು. ಮೂರು ವಸ್ತು, ಒಂದೊಂದಕ್ಕೆ ಎರಡು ಬಗೆ, ಒಟ್ಟು ಎಂಟು ಬಗೆ. ಒಂದರಲ್ಲಿ ಲಿವರ್ ಬರಬೇಕು, ಏಳರಲ್ಲಿ ಬರಕೂಡದು. ಕಂಪನಿ ಕೊಟ್ಟ ಪಟ್ಟಿ ಇಂಗ್ಲಿಷಿನಲ್ಲಿತ್ತು. ಇವರು ಅದನ್ನು ಯಾರಿಂದಲೋ ಓದಿಸಿಕೊಂಡು, ಎಂಟು ಸಾಲಿನ ಹಾಡು ಕಟ್ಟಿ, ರಾಗ ಹಾಕಿ, ಒಂದು ವಾರದಲ್ಲಿ ಬಾಯಿಪಾಠ ಮಾಡಿದರು. "ಊರದು ಮುಚ್ಚಿ, ಕಂಪ್ಲಿದು ಮುಚ್ಚಿ, ಪಾಯಿಂಟು ಸರಿಯಿರೆ ಬಾರೋ ಬಾ" ಎಂದು ಶುರು. ಉಳಿದ ಸಾಲುಗಳೆಲ್ಲ "ಬರಬ್ಯಾಡೋ" ಎಂದು ಮುಗಿಯುತ್ತಿದ್ದವು. ಬೆರಳ ಗೆಣ್ಣುಗಳ ಮೇಲೆ ಎಂಟು ಎಣಿಸುತ್ತ ಹಾಡುವರು. ಪಟ್ಟಿಯ ಕಾಗದ ಎಲ್ಲಿ ಹೋಯಿತೋ, ಹುಡುಕುವ ಅಗತ್ಯವೇ ಬರಲಿಲ್ಲ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ನಾನು ಛೇಡಿಸುತ್ತಿದ್ದೆ. ಕ್ಯಾಬಿನ್ನಿನವರಿಗೆ ಮಾತ್ರ ಆ ಹಾಡೆಂದರೆ ಭಕ್ತಿ. ಹದಿನಾಲ್ಕು ವರ್ಷ ಹಾಡಿದರು.

ಗೇಟು ಕಾಯುತ್ತಿದ್ದವನು ಚಿತ್ತವಾಡ್ಗಿಯ ಸುಂಕಪ್ಪ. ಎರಡನೆಯ ಮಹಾಯುದ್ಧ ಶುರುವಾಗುವ ಎರಡು ವರ್ಷ ಮೊದಲು, ಒಂದು ಮುಂಜಾನೆ ಗಂಟೆ ಬಡಿಯಿತು. ಸುಂಕಪ್ಪ ಊರ ಕಡೆಯ ಗೇಟು ಮುಚ್ಚಿದ. ಕಂಪ್ಲಿ ಕಡೆಯದನ್ನು ಮುಚ್ಚಲು ಹೋದರೆ ಅಲ್ಲಿ ಹಂಪಯ್ಯನ ಬಾಳೆಗೊನೆಯ ಬಂಡಿ ಅರ್ಧ ಒಳಗೆ ಬಂದು, ಗಾಲಿ ಹಳಿಯ ಸಂದಿಗೆ ಸಿಕ್ಕಿಕೊಂಡಿತ್ತು. ಹಂಪಯ್ಯ ಕಂಪ್ಲಿಯವನು, ಸುಂಕಪ್ಪನಿಗೆ ದೂರದ ನೆಂಟ. ಹೆದರಿ ಇಳಿಯಹೋದ ಅವನಿಗೆ ಸುಂಕಪ್ಪ, "ಕುಂದ್ರು ಮಾವ, ಎತ್ತು ಬೆದರ್ತಾವ. ಗೇಟು ತೆರದಿದ್ರ ಕೈಮರ ಬೀಳಂಗಿಲ್ಲ, ಗಾಡಿ ಅಲ್ಲೇ ನಿಂದರತೈತಿ" ಎಂದು ಧೈರ್ಯ ಹೇಳಿ, ಗಾಲಿ ಮೀಟಲು ಹಾರೆ ತಂದ. ರೈಲು ನಿಲ್ಲಲಿಲ್ಲ. ಎತ್ತುಗಳೂ ಹೋದವು, ಹಂಪಯ್ಯನೂ ಹೋದ. ಹಾರೆ ಹಿಡಿದು ನಿಂತಿದ್ದ ಸುಂಕಪ್ಪನಿಗೆ ಒಂದು ಗೀರೂ ಆಗಲಿಲ್ಲ.

ಕ್ಯಾಬಿನ್ನಿನಲ್ಲಿ ಲಿವರ್ ಎಳೆದಿದ್ದ ವಿರೂಪಾಕ್ಷಪ್ಪ, "ಲಿವರ್ ಬಂತು, ಎಳದೆ. ಬಂತು ಅಂದ್ರ ಗೇಟು ಮುಚ್ಚಿತ್ತು" ಎಂದ. ಅವನ ಮಾತೂ ಸುಳ್ಳಲ್ಲ, ಅಲ್ಲಿಂದ ಗೇಟು ಕಾಣುತ್ತಿರಲಿಲ್ಲ. ಹಾಗಾದರೆ ಕೈಮರ ಬಿದ್ದ ಮೇಲೆ ಸುಂಕಪ್ಪನೇ ಹಾರೆಯಿಂದ ಬೀಗ ಮುರಿದು, ನೆಂಟನ ಬಂಡಿ ಬಿಟ್ಟಿದ್ದಾನೆ ಎಂದಾಯಿತು. ಅವನನ್ನು ಹಿಡಿದು ಹಾಕಿದರು. ಗೇಟು ಚೂರುಚೂರಾಗಿದ್ದರಿಂದ ಅಲ್ಲಿ ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಉಳಿದದ್ದು ಕ್ಯಾಬಿನ್ನಿನ ಕೊಂಡಿಗಳು. ಬಳ್ಳಾರಿಯಿಂದ ಬಂದ ಇಂಜಿನಿಯರ್ ಮುಂದೆ ಇವರು ಎಂಟೂ ಸಾಲು ಹಾಡಿ, ಎಂಟು ಸಲ ಲಿವರ್ ಎಳೆದು ತೋರಿಸಿದರು. ಒಂದು ಸಲ ಬಂತು, ಏಳು ಸಲ ಬರಲಿಲ್ಲ. ಇಂಜಿನಿಯರ್ ಪೆನ್ಸಿಲಿನಲ್ಲಿ ಎಂಟು ಗೀಟು ಎಳೆದುಕೊಂಡು ಹೋದ. "ಕೊಂಡಿ-ಬೀಗ ಸರಿ ಅದ" ಎಂದು ಇವರು ಹೇಳಿಕೆ ಕೊಟ್ಟರು. ಸೋಮವಾರ ಸುಂಕಪ್ಪನನ್ನು ಬಳ್ಳಾರಿಯ ಕೋರ್ಟಿಗೆ ಒಯ್ಯುವುದಿತ್ತು. ಇವರ ಆ ಒಂದು ಮಾತಿನ ಮೇಲೆ ಅವನು ಜೈಲಿಗೆ ಹೋಗುವವನಿದ್ದ.

ಶನಿವಾರ ಮಧ್ಯಾಹ್ನ ಸುಂಕಪ್ಪನ ಹೆಂಡತಿ ನಿಂಗಕ್ಕ ನಮ್ಮ ಅಂಗಳಕ್ಕೆ ಬಂದು ಕೂತಳು. ಅಳಲಿಲ್ಲ. "ಅವ್ವಾರ, ಇನ್ನೊಮ್ಮಿ ನೋಡಾಕ ಹೇಳ್ರಿ" ಎಂದಳು, ಅಷ್ಟೇ.

ಇವರು ಒಳಗಿನಿಂದಲೇ, "ಎಂಟೂ ನೋಡೀನಿ, ಸಾಹೇಬ್ರ ಮುಂದ ನೋಡೀನಿ. ನಾ ಏನ್ ಅವನ ವೈರಿ ಏನು?" ಎಂದರು.

ನನಗೆ ಇಬ್ಬರ ಮೇಲೂ ರೇಗಿತು. ಈ ಹೆಂಗಸಿಗೆ ಎಂಟು ಬಗೆ ಅಂದರೆ ಏನೆಂದು ಕಣ್ಣಿಗೆ ಕಾಣುವ ಹಾಗೆ ತೋರಿಸಿ ಕಳಿಸಿದರೆ ಸಮಾಧಾನವಾದೀತು ಎಂದುಕೊಂಡೆ. ಚೌಕಾಬಾರ ಆಡಲು ಒಂದು ಮೈ ಬೆಳ್ಳಗೆ ತೇಯ್ದಿಟ್ಟ ಹುಣಸೆಬೀಜ ಮನೆಯಲ್ಲಿ ಡಬ್ಬಿ ತುಂಬ ಇದ್ದವು. ಮುಚ್ಚಿದ್ದಕ್ಕೆ ಕರಿ ಮೈ, ತೆರೆದದ್ದಕ್ಕೆ ಬಿಳಿ ಮೈ. ಪಾಯಿಂಟು ಸರಿಯಿದ್ದರೆ ಕರಿ, ತಪ್ಪಿದ್ದರೆ ಬಿಳಿ. "ನೀವು ಹಾಡ್ರಿ, ನಾ ಇಡ್ತೀನಿ" ಎಂದೆ. ಇವರು ಬೇಸರದಿಂದಲೇ ಬಂದು ಹೊಸ್ತಿಲ ಮೇಲೆ ಕೂತು ಹಾಡಿದರು. ಸಾಲಿಗೆ ಮೂರರಂತೆ ಎಂಟು ಸಾಲು ಇಟ್ಟೆ.

ಇಟ್ಟು ನೋಡಿದೆ. ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪಿದರೆ ಹೆಂಗಸರ ಕಣ್ಣಿಗೆ ತಟ್ಟನೆ ಬೀಳುತ್ತದೆ.

"ಎರಡನೇದೂ ಐದನೇದೂ ಒಂದ ಥರ ಅದಾವಲ್ರಿ" ಎಂದೆ.

"ನೀ ತಪ್ಪಿ ಇಟ್ಟಿರಬೇಕು."

"ಮತ್ತ ಹಾಡ್ರಿ."

ಹಾಡಿದರು. ಈ ಸಲ ಒಂದೊಂದೇ ಸಾಲು, ನಿಧಾನಕ್ಕೆ. ಎರಡನೆಯದು: ಊರದು ತೆರೆದು, ಕಂಪ್ಲಿದು ಮುಚ್ಚಿ, ಪಾಯಿಂಟು ಸರಿ. ಬಿಳಿ, ಕರಿ, ಕರಿ. ಐದನೆಯದು: ಕಂಪ್ಲಿದು ಮುಚ್ಚಿ, ಊರದು ತೆರೆದು, ಪಾಯಿಂಟು ಸರಿ. ರಾಗಕ್ಕೋಸ್ಕರ ಮಾತು ಹಿಂದುಮುಂದಾಗಿದ್ದವು, ಸಂಗತಿ ಒಂದೇ. ನಾನು ಊರಿನ ಬೀಜವನ್ನು ಊರಿನ ಜಾಗದಲ್ಲಿ, ಕಂಪ್ಲಿಯದನ್ನು ಕಂಪ್ಲಿಯ ಜಾಗದಲ್ಲಿ ಇಟ್ಟೆ. ಬಿಳಿ, ಕರಿ, ಕರಿ. ಹಾಡು ಎಂಟು ಸಾಲೇ ಇತ್ತು, ಬೆರಳೂ ಎಂಟೇ ಎಣಿಸಿದ್ದವು. ಬಗೆ ಮಾತ್ರ ಏಳು.

"ಹಂಗಾರ ಯಾವುದು ಬಿಟ್ಟೈತ್ರಿ?" ಎಂದು ನಿಂಗಕ್ಕ ಕೇಳಿದಳು.

ಇವರು ಬಗ್ಗಿ ಮೂರು ಬೀಜ ತೆಗೆದುಕೊಂಡು ಇಟ್ಟರು. ಕರಿ, ಬಿಳಿ, ಕರಿ. ಊರದು ಮುಚ್ಚಿದೆ, ಕಂಪ್ಲಿದು ತೆರೆದಿದೆ, ಪಾಯಿಂಟು ಸರಿಯಿದೆ. ಹನ್ನೊಂದು ದಿನದಿಂದ ಸುಂಕಪ್ಪ ಕಂಡಕಂಡವರ ಮುಂದೆ ಬಾಯಿ ಬಡಿದುಕೊಂಡು ಹೇಳಿದ್ದು ಅದನ್ನೇ. ಇವರು ಮೇಲುಹೊದಿಕೆ ಹಾಕಿಕೊಳ್ಳುವುದನ್ನೂ ಮರೆತು ಎದ್ದು ನಡೆದರು. ನಿಂಗಕ್ಕ ಹಿಂದೆ ಓಡಿದಳು, ನಾನೂ ಓಡಿದೆ. ಅತ್ತೆ ಏನಂದಾರು ಎಂಬುದು ನೆನಪಿಗೇ ಬರಲಿಲ್ಲ.

ಕ್ಯಾಬಿನ್ನಿನ ಮೆಟ್ಟಿಲ ಕೆಳಗೆ ನಾವಿಬ್ಬರೂ ನಿಂತೆವು. ಮೇಲೆ ಇವರು ವಿರೂಪಾಕ್ಷಪ್ಪನಿಗೆ ಏನೋ ಹೇಳಿದ್ದು, ತಂತಿ ಕಳಚಿದ್ದು ಕೇಳಿಸಿತು. ಬರಬಾರದು, ಬರಬಾರದು ಎಂದು ನಾನು ಕಂಡ ದೇವರನ್ನೆಲ್ಲ ಬೇಡಿಕೊಂಡೆ. ಪಕ್ಕದಲ್ಲಿ ನಿಂಗಕ್ಕ ಬರಲಿ, ಬರಲಿ ಎಂದು ಬೇಡಿಕೊಳ್ಳುತ್ತಿದ್ದಿರಬೇಕು. ಲಿವರ್ ಎಳೆದ ಸದ್ದಾಯಿತು. ದೂರದಲ್ಲಿ ಕೈಮರದ ಕೈ ಸಲೀಸಾಗಿ ಇಳಿಯಿತು.

ಇವರು ಹೊರಬಂದು ಮೆಟ್ಟಿಲ ಮೇಲೆ ಕೂತರು. ಆಮೇಲೆ ಹೇಳಿದರು: ಕಂಪ್ಲಿ ಗೇಟಿನ ಕೊಂಡಿ ಪೂರ್ತಿ ಸವೆದುಹೋಗಿತ್ತು. ಉಳಿದ ಸಾಲುಗಳಲ್ಲಿ ಕಂಪ್ಲಿಯದು ತೆರೆದಾಗಲೆಲ್ಲ ಊರ ಗೇಟೋ ಪಾಯಿಂಟೋ ಕೂಡ ತಪ್ಪಿರುತ್ತಿತ್ತು, ಅವುಗಳ ಕೊಂಡಿ ಲಿವರನ್ನು ತಡೆಯುತ್ತಿತ್ತು. ಕಂಪ್ಲಿಯದೊಂದೇ ಉಹೂಂ ಅನ್ನಬೇಕಾದ ಸಾಲು ಅದೊಂದೇ. ಅದನ್ನು ಹದಿನಾಲ್ಕು ವರ್ಷದಲ್ಲಿ ಒಂದು ಸೋಮವಾರವೂ ಕೇಳಿರಲಿಲ್ಲ.

ಅಲ್ಲಿಂದ ನೇರ ಪೊಲೀಸ್ ಠಾಣೆಗೆ. ದಾರಿಯುದ್ದಕ್ಕೂ ಇವರು, "ಅವನ್ನ ಬಿಡಸ್ತೀನಿ, ನನ್ನ ಹಿಡೀಲಿ" ಎನ್ನುತ್ತಿದ್ದರು. ಠಾಣೆಯಲ್ಲಿ ದಫೇದಾರ ಎಲ್ಲವನ್ನೂ ಕೇಳಿ, ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ. ಅದೇ ದಿನ ಬೆಳಿಗ್ಗೆ ಸುಂಕಪ್ಪ ತಪ್ಪೊಪ್ಪಿಕೊಂಡು ಹೆಬ್ಬೆಟ್ಟು ಒತ್ತಿದ್ದ.

"ಹೊಡದ್ರೇನ್ರಿ?" ಎಂದು ನಾನು ದಫೇದಾರನನ್ನೇ ಕೇಳಿಬಿಟ್ಟೆ. ಯಾರೂ ಕೈ ಎತ್ತಿಲ್ಲ, ತಾನೇ ಕರೆದು ಬರೆಸಿದ ಎಂದು ಅವನು ಆಣೆ ಮಾಡಿದ.

ಸರಳಿನ ಹಿಂದೆ ಸುಂಕಪ್ಪ ಎದ್ದು ಕೈಮುಗಿದ. "ಯಾಕ ಒಪ್ಪಿಕೊಂಡ್ಯೋ?" ಎಂದು ಇವರು ಕೇಳಿದರು.

"ಆಚಾರ್ರು ಎಂಟೂ ನೋಡ್ಯಾರ, ಬೀಗ ಸರಿ ಐತಿ ಅಂದಾರ ಅಂತ ದಫೇದಾರ್ರು ಹೇಳಿದ್ರು. ನೀವು ಸುಳ್ಳು ಹೇಳೋರಲ್ಲ. ಮತ್ತ ಗೇಟು ತಾನ ಹ್ಯಾಂಗ ತೆರೀತು? ಹನ್ನೊಂದು ದಿನ ಕುಂತು ಕುಂತು ನೆನಸಿದೆ. ನಿನ್ನೆ ನೆನಪಾತು. ಹಾರಿ ಹಾಕಿ ಬೀಗ ಮುರದೆ. ಖಟ್ ಅಂತು. ನನಗ ಕೇಳಸ್ತೈತ್ರಿ ಈಗೂ."

"ಇಲ್ಲೋ ಸುಂಕಪ್ಪ. ನೀ ಮುರದಿಲ್ಲ. ನನ್ನ ಹಾಡು ತಪ್ಪು. ಈಗ ನೋಡಿ ಬಂದೆ, ಲಿವರ್ ಬಂತು" ಎಂದರು ಇವರು.

ಸುಂಕಪ್ಪ ಇವರ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. "ಹಂಗಾದ್ರ ಬೀಗ ಮುರಿಯೋನು ಒಬ್ಬಾವ ನನ್ನ ಕಣ್ಣಿಗೆ ಕಾಣತಾನಲ್ರಿ ಆಚಾರ್ರ, ಅವ ಯಾರು?" ಎಂದ.

ನಿಂಗಕ್ಕ ಅಲ್ಲಿಯವರೆಗೆ ಅಳದಿದ್ದವಳು ನೆಲಕ್ಕೆ ಕೂತು ಅತ್ತಳು.

ಇವರು ಹೇಳಿಕೆ ಬದಲಿಸಿ ಬರೆದುಕೊಟ್ಟರು, ಇಂಜಿನಿಯರ್ ಮತ್ತೆ ಬಂದು ಲಿವರ್ ಎಳೆದು ನೋಡಿದ, ಕೇಸು ಬಿದ್ದುಹೋಯಿತು. ಎರಡು ತಿಂಗಳ ಮೇಲೆ ಸುಂಕಪ್ಪ ಮನೆಗೆ ಬಂದ. ಇವರ ಕೆಲಸ ಹೋಯಿತು. ಹಂಪಿಗೆ ಹೋಗಿ ಅಣ್ಣಂದಿರ ಕೈಕೆಳಗೆ ಗಂಧ ತೇಯ್ದರು, ಆದರೆ ಏನನ್ನೂ ಬಾಯಿಪಾಠ ಹೇಳಲು ಒಪ್ಪುತ್ತಿರಲಿಲ್ಲ. ನಿತ್ಯದ ಸ್ತೋತ್ರವನ್ನೂ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದರು. ಅಣ್ಣಂದಿರು ನಕ್ಕರೆ ಈಗ ನಾನೂ ಸಿಟ್ಟು ಮಾಡುತ್ತಿರಲಿಲ್ಲ, ಎದ್ದು ಒಳಗೆ ಹೋಗುತ್ತಿದ್ದೆ.

ಸುಂಕಪ್ಪನಿಗೆ ಆ ನೆನಪು ಹೋಗಲೇ ಇಲ್ಲ. ತಾನು ಬೀಗ ಮುರಿದಿಲ್ಲ ಎಂದು ಕೋರ್ಟು ಹೇಳಿದ್ದು ಗೊತ್ತಿತ್ತು, ಮುರಿದದ್ದೂ ನೆನಪಿತ್ತು. ಪ್ರತಿ ವರ್ಷ ಹಂಪಯ್ಯ ಸತ್ತ ದಿನ ಅವನು ಕಂಪ್ಲಿಗೆ ಹೋಗಿ ಹಂಪಯ್ಯನ ಹೆಂಡತಿ ತಾಯಕ್ಕನ ಮುಂದೆ ನಿಂತು, "ತಪ್ಪಾತವ್ವ, ನಾನ ಮುರದೆ" ಎನ್ನುವನು. ಇವರೂ ಜೊತೆಗೇ ಹೋಗಿ, "ಅವಂದಲ್ಲವ್ವ, ನಂದು" ಎನ್ನುವರು. ಹದಿನೇಳು ವರ್ಷ ಹೀಗೆ ಹೋಗಿ ಬಂದರು. ತಾಯಕ್ಕ ಯಾರಿಗೂ ಏನೂ ಅನ್ನದೆ ಇಬ್ಬರಿಗೂ ಒಂದೊಂದು ಚೊಂಬು ನೀರು ತಂದಿಡುತ್ತಿದ್ದಳಂತೆ. ಜನ್ಮದಲ್ಲಿ ಪರರ ಮನೆಯ ನೀರು ಮುಟ್ಟದ ಇವರು, ಆ ನೀರು ಕುಡಿದು ಬರುತ್ತಿದ್ದರು.