ಸೊಂಟಪಟ್ಟಿ ಇಲ್ಲದ ಏಳು

ನ್ಯಾಯಾಲಯದ ನೆಲಮಾಳಿಗೆಯಲ್ಲಿ ಒಂದು ಉದ್ದನೆಯ ಕೋಣೆ. ಸುತ್ತಲಿನ ಹಳ್ಳಿಗಳ ರಸ್ತೆಗಳಲ್ಲಿ ಯಾರು ಗಾಡಿಯನ್ನು ಹುಚ್ಚಾಪಟ್ಟೆ ಓಡಿಸಿದರು, ಯಾರು ದೀಪವಿಲ್ಲದೆ ಹೋದರು, ಯಾರು ತಿರುವಿನಲ್ಲಿ ಲಾರಿ ನಿಲ್ಲಿಸಿ ಗೊರಕೆ ಹೊಡೆದರು ಎಂಬುದೆಲ್ಲ ಪೊಲೀಸರು ಬರೆದ ದಂಡದ ಚೀಟಿಗಳಾಗಿ ಅಲ್ಲಿಗೆ ಬಂದು ಬೀಳುತ್ತಿತ್ತು. ಅವನ್ನು ಕಾಯುತ್ತಿದ್ದವಳನ್ನು ನ್ಯಾಯಾಧೀಶರಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರೂ ಚೀಟಿಯಕ್ಕ ಎನ್ನುತ್ತಿದ್ದರು.

ಅವಳ ಗಂಡ ಅದೇ ಕಚೇರಿಯಲ್ಲಿ ಸಮನ್ಸ್ ಹಂಚುತ್ತಿದ್ದ. ಅವನು ಹೋದ ಮೇಲೆ ಅನುಕಂಪದ ಆಧಾರದಲ್ಲಿ ಇವಳಿಗೆ ಕೆಲಸ ಸಿಕ್ಕಿತು. ಕೆಲಸಕ್ಕೆ ಸೇರಿದ ವಾರವೇ, "ಪಾಪ ಅಂತ ಕೊಟ್ಟಿರೋ ಕೆಲಸ, ಧೂಳು ಹೊಡ್ಕೊಂಡಿರಲಿ ಬಿಡಿ" ಎಂದು ಮೆಟ್ಟಿಲ ಮೇಲೆ ಯಾರೋ ಆಡಿದ್ದು ಕಿವಿಗೆ ಬಿತ್ತು. ಆ ಮಾತು ಮನಸ್ಸಿಗೆ ನಾಟಿತು. ಇಪ್ಪತ್ತಾರು ವರ್ಷ ಅವಳು ಹೊಡೆದದ್ದು ಧೂಳನ್ನಲ್ಲ, ಆ ಮಾತನ್ನು. ಕೋಣೆಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಕಪಾಟು. ಗಾಡಿಯ ನಂಬರಿನ ಕೊನೆಯ ಅಂಕಿ ಯಾವುದೋ ಆ ಕಪಾಟಿಗೆ ಚೀಟಿ. ಅಲ್ಲಿ ವರ್ಷ, ತಿಂಗಳು, ದಿನದ ಪ್ರಕಾರ ಕೆಂಪು ದಾರದ ಕಟ್ಟು. ವಕೀಲರು ಮೆಟ್ಟಿಲ ಮೇಲೆ ನಿಂತೇ ನಂಬರು ಕೂಗುತ್ತಿದ್ದರು. ಅವರು ಕೆಳಗಿಳಿಯುವಷ್ಟರಲ್ಲಿ ಚೀಟಿ ಮೇಜಿನ ಮೇಲಿರುತ್ತಿತ್ತು. ಸೊಕ್ಕು ಅನ್ನಿ ಬೇಕಾದರೆ. ಅಷ್ಟು ಸೊಕ್ಕು ಮಾಡಿದರೂ ಸಲ್ಲುವಂಥ ಕೆಲಸ ಅವಳದಾಗಿತ್ತು.

ಪೊಲೀಸರ ಬರಹಗಳೆಲ್ಲ ಅವಳಿಗೆ ಅಂಗೈ ಗೆರೆಯಷ್ಟು ಪರಿಚಿತ. ಅದರಲ್ಲೂ ಸೇತುವೆ ಠಾಣೆಯ ಒಬ್ಬ ಪೇದೆಯದು ದೊಡ್ಡ ತಲೆನೋವು. ಅವನು ಒಂದನ್ನು ಬರೆದರೆ ತಲೆಯಲ್ಲೊಂದು ಉದ್ದ ಕೊಕ್ಕೆ, ನೋಡಿದವರಿಗೆ ಥೇಟು ಏಳು. ಏಳನ್ನು ಬರೆದರೆ ಅದೇ ಆಕಾರಕ್ಕೆ ನಡುವೆ ಒಂದು ಅಡ್ಡಗೆರೆ. "ನಾನು ಏಳಕ್ಕೆ ಸೊಂಟಪಟ್ಟಿ ಕಟ್ತೀನಿ ಅಕ್ಕಾ, ಒಂದಕ್ಕೆ ಕಟ್ಟಲ್ಲ" ಎಂದು ಅವನೇ ಒಮ್ಮೆ ಗುಟ್ಟು ಹೇಳಿಕೊಟ್ಟಿದ್ದ. ಕೊಕ್ಕೆ ಪೇದೆ ಎಂದು ಅವನಿಗೆ ಹೆಸರಿಟ್ಟವಳೂ ಇವಳೇ. ಹೊಸ ಗುಮಾಸ್ತರು ಅವನ ಒಂದುಗಳನ್ನೆಲ್ಲ ಏಳರ ಕಪಾಟಿಗೆ ತುರುಕುತ್ತಿದ್ದರು. ಇವಳು ಗೊಣಗಿಕೊಂಡು ಆರಿಸಿ ಒಂದಕ್ಕೆ ಸೇರಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಒಬ್ಬ ಮುದುಕ ಆ ಮೆಟ್ಟಿಲಿಳಿದು ಬಂದ. ಮೊದಲು ಹಾಲಿನ ವ್ಯಾನು ಓಡಿಸುತ್ತಿದ್ದವನು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಏಳು ವರ್ಷದ ಹಿಂದೆ ಸೇತುವೆ ಹತ್ರ ನನ್ನ ಹಿಡಿದು ಚೀಟಿ ಬರೆದ್ರಮ್ಮ. ನನ್ನ ಪ್ರತಿ ಜೇಬಲ್ಲೇ ಒಗೆತಕ್ಕೆ ಹೋಗಿ ಮುದ್ದೆಯಾಯ್ತು. ಅದರಲ್ಲಿ ಟೈಮ್ ಹಾಕಿರ್ತಾರಲ್ಲ, ಆ ಟೈಮ್ ಬೇಕು ನನಗೆ."

ಬಿಡಿಸಿ ಕೇಳಿದಾಗ ವಿಷಯ ಹೊರಬಂತು. ಅವತ್ತು ಅವನ ಹೆಂಡತಿ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಳು. ಮಗಳು ಡೈರಿಗೆ ಫೋನು ಮಾಡಿದಳು. ಇವನು ಹಾಲನ್ನೂ ಇಳಿಸದೆ ವ್ಯಾನು ಓಡಿಸಿದ. ಸೇತುವೆಯ ಬಳಿ ಪೇದೆ ಅಡ್ಡಹಾಕಿದವನು ಮುಕ್ಕಾಲು ಗಂಟೆ ಬಿಡಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೊದಲು ಕುಡಿಯುವ ಚಟವಿದ್ದ ಗಂಡಸು. ದಾರಿಯಲ್ಲಿ ಹೆಂಡದಂಗಡಿಗೆ ಹೋಗಿ ಕೂತಿದ್ದ ಎಂದೇ ಮಗಳು ನಂಬಿದಳು. ಅವತ್ತಿನಿಂದ ಅಪ್ಪನ ಮುಖ ನೋಡಿರಲಿಲ್ಲ.

"ಚೀಟಿ ತೋರಿಸಿದ್ರೆ ನಂಬ್ತೀನಿ ಅಂತ ಈಗ ಹೇಳಿ ಕಳ್ಸಿದಾಳೆ" ಎಂದ.

ನಂಬರು ಏಳರಲ್ಲಿ ಕೊನೆಯಾಗುತ್ತಿತ್ತು. ಚೀಟಿಯಕ್ಕ ಏಳರ ಕಪಾಟಿನಲ್ಲಿ ಆ ದಿನ ನೋಡಿದಳು, ಆ ತಿಂಗಳು ನೋಡಿದಳು, ಮೂರು ದಿನ ಊಟದ ಹೊತ್ತನ್ನೂ ಬಿಟ್ಟು ಆ ವರ್ಷವನ್ನೇ ಜಾಲಾಡಿದಳು. ಇರಲಿಲ್ಲ. ನಾಲ್ಕನೆಯ ದಿನ ಪ್ರಮಾಣಪತ್ರ ಬರೆಯಲು ಕೂತಳು: ಸದರಿ ವಾಹನದ ಮೇಲೆ ಸದರಿ ದಿನಾಂಕದಂದು ಯಾವುದೇ ದಾಖಲೆ ಇರುವುದಿಲ್ಲ.

ಮುದುಕ ಅದನ್ನು ಓದಿಸಿಕೊಂಡು ತಡವರಿಸಿದ. "ಇರುವುದಿಲ್ಲ ಅಂತ ಬೇಡಮ್ಮ. ಸಿಗಲಿಲ್ಲ ಅಂತ ಬರೀರಿ. ಸಿಗಲಿಲ್ಲ ಅಂದ್ರೆ ಎಲ್ಲೋ ಇದ್ದೀತು ಅಂತಾದ್ರೂ ಅಂದ್ಕೋತಾಳೆ."

ಚೀಟಿಯಕ್ಕನಿಗೆ ಚುರುಕ್ಕೆಂದಿತು. "ನನ್ನ ಕೋಣೇಲಿ ಸಿಗದೆ ಇರೋದು ಅಂತ ಇಲ್ಲ ಯಜಮಾನರೇ. ಇದ್ರೆ ಸಿಗುತ್ತೆ. ಸಿಗಲಿಲ್ಲ ಅಂದ್ರೆ ಇಲ್ಲ" ಎಂದು ಮೊಹರು ಒತ್ತಿದಳು. ಅವನು ಕಾಗದವನ್ನು ಮಡಚಿ, ಕೈಗಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಹೋದ.

ಈ ವರ್ಷ ಮೇಲಿನಿಂದ ಆದೇಶ ಬಂತು. ಹಳೆಯ ಚೀಟಿಗಳನ್ನೆಲ್ಲ ಕಾಗದದ ಕಾರ್ಖಾನೆಗೆ ಕಳಿಸಬೇಕು, ಕಳಿಸುವ ಮುಂಚೆ ಪಟ್ಟಿ ಮಾಡಬೇಕು. ಒಂದರ ಕಪಾಟಿನ ಕಟ್ಟು ಬಿಚ್ಚಿ ನಂಬರು ಬರೆದುಕೊಳ್ಳುತ್ತಿದ್ದಾಗ ಚೀಟಿಯಕ್ಕನ ಪೆನ್ನು ನಿಂತಿತು. ಕೊಕ್ಕೆ ಪೇದೆಯ ಬರಹ. ಮುದುಕ ಹೇಳಿದ್ದ ಅದೇ ದಿನಾಂಕ. ಹಾಲಿನ ವ್ಯಾನು. ನಂಬರಿನ ಕೊನೆಗೆ ಕೊಕ್ಕೆಯಿದ್ದ, ಸೊಂಟಪಟ್ಟಿ ಇಲ್ಲದ ಒಂದು ಅಂಕಿ. ಅದು ಏಳೇ. ಅವಸರದಲ್ಲಿ ಪಟ್ಟಿ ಕಟ್ಟಲು ಪುಣ್ಯಾತ್ಮ ಮರೆತಿದ್ದ. ಏನೂ ಗೊತ್ತಿಲ್ಲದ ಹೊಸ ಗುಮಾಸ್ತ ಯಾರಾದರೂ ಆಗಿದ್ದರೆ ಏಳೆಂದೇ ಓದಿ ಏಳರಲ್ಲೇ ಇಡುತ್ತಿದ್ದ. ಎಲ್ಲ ಬಲ್ಲವಳೆಂದೇ ಇವಳು ಅದನ್ನು ಒಂದು ಮಾಡಿ ಹೂತುಬಿಟ್ಟಿದ್ದಳು.

ಸಮಯ: ಸಂಜೆ ನಾಲ್ಕು ಇಪ್ಪತ್ತು. ಕೆಳಗೆ ಷರಾದಲ್ಲಿ ಪೇದೆ ಬರೆದಿದ್ದ: ಹೆಂಡತಿಗೆ ಸೀರಿಯಸ್, ಆಸ್ಪತ್ರೆಗೆ ಹೋಗಬೇಕು ಎಂದು ಅಳುತ್ತ ಹೇಳಿದ. ನಂಬಲಿಲ್ಲ.

ಅವಳು ಚೀಟಿಯನ್ನು ಮಡಿಲಲ್ಲಿಟ್ಟುಕೊಂಡು ಸುಮಾರು ಹೊತ್ತು ಅತ್ತಳು. ಪೇದೆ ನಂಬಲಿಲ್ಲ, ಮಗಳು ನಂಬಲಿಲ್ಲ, ಮೂರನೆಯವಳಾಗಿ ತಾನು ಮೊಹರನ್ನೇ ಒತ್ತಿಕೊಟ್ಟಿದ್ದಳು. ಮರುದಿನ ರಜೆ ಹಾಕಿ, ಚೀಟಿಯನ್ನು ಚೀಲದಲ್ಲಿಟ್ಟುಕೊಂಡು ಅವನ ಊರಿನ ಬಸ್ಸು ಹಿಡಿದಳು.

ಮುದುಕ ಮನೆಯ ಮುಂದೆ ಬಿಸಿಲಿಗೆ ಕೂತಿದ್ದ. ಕಣ್ಣು ಪೂರ್ತಿ ಮಂಜಾಗಿತ್ತು. ದನಿಯಿಂದ ಗುರುತು ಹಿಡಿದ. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿ, ಚೀಟಿಯನ್ನು ಅವನ ಕೈಗಿಟ್ಟಳು. ಅವನು ಅದನ್ನು ಹೆಬ್ಬೆರಳಲ್ಲಿ ಸವರಿದ.

"ನಾನು ಹೇಳಿದ್ದನ್ನ ಬರೆದಿದಾನಾ?"

"ಬರೆದಿದಾರೆ. ಹೆಂಡತಿಗೆ ಸೀರಿಯಸ್, ಆಸ್ಪತ್ರೆಗೆ ಹೋಗಬೇಕು ಅಂತ ಅಳ್ತಾ ಹೇಳಿದ, ಅಂತ."

"ಮತ್ತೆ?"

"ಅಷ್ಟೇ." ಇಪ್ಪತ್ತಾರು ವರ್ಷದಲ್ಲಿ ದಾಖಲೆಯ ಒಂದು ಪದವನ್ನು ಅವಳು ನುಂಗಿದ್ದು ಅದೇ ಮೊದಲು.

ಅಷ್ಟರಲ್ಲಿ ಒಳಗಿನಿಂದ ಒಬ್ಬ ಹೆಂಗಸು ನೀರು ತಂದಳು. ಮುದುಕ ಅವಸರವಾಗಿ ಚೀಟಿಯನ್ನು ತೊಡೆಯ ಕೆಳಗೆ ಸೇರಿಸಿದ.

"ಕಚೇರಿಯವರಾ? ನಮ್ಮಪ್ಪ ಏನು ಹೇಳಿದ್ರೂ ಅರ್ಧ ಮಾತ್ರ ನಂಬಿ ಮತ್ತೆ" ಎಂದು ಅವಳು ನಕ್ಕಳು. ಅಪ್ಪನ ಹೆಗಲಿನಿಂದ ಜಾರಿದ್ದ ಶಾಲನ್ನು ಸರಿಮಾಡಿ ಒಳಗೆ ಹೋದಳು.

ಚೀಟಿಯಕ್ಕ ಬಾಯಿ ತೆರೆಯುವ ಮೊದಲೇ ಅವನು ದನಿ ತಗ್ಗಿಸಿದ. "ಮಗಳು ಬಂದು ಒಂದೂವರೆ ವರ್ಷ ಆಯ್ತು. ನಿಮ್ಮ ಕಾಗದ ನೋಡಿದ ಮೇಲೆ ಇನ್ನು ದಾರಿ ಉಳಿದಿರಲಿಲ್ಲ. ಹೌದಮ್ಮ, ಹೆಂಡದಂಗಡಿಲೇ ಕೂತಿದ್ದೆ, ತಪ್ಪಾಯ್ತು, ಅಂದೆ. ಹಾಗಂದದ್ದಕ್ಕೇ ಕ್ಷಮಿಸಿದ್ಲು."

"ಮಾಡದೆ ಇರೋ ತಪ್ಪು ಒಪ್ಕೊಂಡ್ರಾ?"

"ಕಣ್ಣು ಹೋಗ್ತಾ ಇತ್ತು. ಪೂರ್ತಿ ಹೋಗೋ ಮುಂಚೆ ಅವಳ ಮುಖ ನೋಡಬೇಕಿತ್ತು."

"ಈಗ ತೋರಿಸಿ. ನಾನು ಬೇಕಾದ್ರೆ ಕಾಲಿಗೆ ಬಿದ್ದು ಹೇಳ್ತೀನಿ, ತಪ್ಪು ನನ್ನದು ಅಂತ."

"ಬೇಡ. ಏಳು ವರ್ಷ ಸುಮ್ಮಸುಮ್ಮನೆ ಅಪ್ಪನ್ನ ದೂರ ಇಟ್ಟೆ ಅಂತ ಗೊತ್ತಾದ್ರೆ ಅವಳು ಹೇಗೆ ತಡ್ಕೋತಾಳೆ? ನನಗೆ ಕ್ಷಮೆ ಸಿಕ್ಕಿದೆ. ಅವಳಿಗೆ ಯಾರು ಕೊಡ್ತಾರೆ?" ಚೀಟಿಯನ್ನು ತೆಗೆದು, ತಡಕಾಡಿ ಅವಳ ಕೈ ಹುಡುಕಿ, ಅದರೊಳಗಿಟ್ಟು ಮುಚ್ಚಿದ. "ನೀವು ಹುಡುಕಿ ತಂದ್ರಲ್ಲ, ನನಗೆ ಅಷ್ಟು ಸಾಕು. ತಗೊಂಡು ಹೋಗಿ."

ವಾಪಸ್ಸು ಬಸ್ಸಿನಲ್ಲಿ ಅವಳು ಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಅವನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ದಿನ ಅವಳು ಪ್ರಮಾಣಪತ್ರಗಳ ರಿಜಿಸ್ಟರು ತೆಗೆದು ಎರಡು ವರ್ಷದ ಹಿಂದಿನ ಸಾಲು ಹುಡುಕಿದಳು. 'ಇರುವುದಿಲ್ಲ' ಎಂಬುದಕ್ಕೆ ಗೆರೆ ಎಳೆದು, ಮೇಲೆ 'ಇತ್ತು' ಎಂದು ಬರೆದು ಸಹಿ ಹಾಕಿದಳು. ಆ ಚೀಟಿಯ ಅಂಕಿಗೆ ತನ್ನ ಪೆನ್ನಿನಿಂದಲೇ ಸೊಂಟಪಟ್ಟಿ ಕಟ್ಟಿದಳು. ಅದನ್ನು ಏಳರ ಕಪಾಟಿಗೆ ಒಯ್ದು, ಆ ವರ್ಷದ, ಆ ತಿಂಗಳ, ಆ ದಿನದ ಕಟ್ಟು ಬಿಚ್ಚಿ, ಅದರ ಜಾಗದಲ್ಲಿಟ್ಟು ಕೆಂಪು ದಾರ ಬಿಗಿದಳು.

ಮಧ್ಯಾಹ್ನ ಕಾರ್ಖಾನೆಯ ಲಾರಿ ಬಂತು. ಏಳರ ಕಟ್ಟುಗಳನ್ನು ಅವಳೇ ಹೊತ್ತು ಮೆಟ್ಟಿಲು ಹತ್ತಿ ತುಂಬಿಸಿದಳು.